ಟ್ರಿಗರ್ ಆಫ್‌ಸೆಟ್ ಅಂದರೆ ಏನು?

ಗಾಡಿಯ ಜೊತೆ ಬಂದ ಇಸಿಯು (ಇಂಧನ, ಕಿಡಿ ಎರಡನ್ನೂ ನಡೆಸುವ ಎಂಜಿನ್ ಕಂಪ್ಯೂಟರ್) ತೆಗೆದು ಹೊರಗಿನ ಇಸಿಯು ಹಾಕಿದವರಿಗೆ ಬಹಳ ಬೇಗ ಎದುರಾಗುವ ಪದ ಇದು. ಮೆಗಾಸ್ಕ್ವರ್ಟ್ ಅನ್ನೋ ಇಸಿಯುನಲ್ಲಿ ಇದನ್ನೇ ‘ಟೂತ್ ನಂಬರ್ 1 ಆಂಗಲ್’ ಅಂತಾರೆ, ಸ್ಪೀಡುಯಿನೊದಲ್ಲಿ ‘ಟ್ರಿಗರ್ ಆಂಗಲ್’. ವಿಷಯ ಒಂದೇ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಜೊತೆ ತಿರುಗುವ ಹಲ್ಲಿನ ಚಕ್ರದ ಗುರುತಿನ ಹಲ್ಲು ಕ್ರ್ಯಾಂಕ್ ಸೆನ್ಸರ್ ಮುಂದೆ ಹಾದು ಹೋದಾಗ, 1ನೇ ಸಿಲಿಂಡರ್‌ನ ಪಿಸ್ಟನ್ ತೀರಾ ಮೇಲಿನ ಜಾಗದಿಂದ, ಅಂದರೆ ಟಿಡಿಸಿಯಿಂದ, ಎಷ್ಟು ಡಿಗ್ರಿ ದೂರ ಇರುತ್ತದೆ ಅನ್ನೋ ಲೆಕ್ಕ. ಆದರೆ ಯಾವ ಹಲ್ಲನ್ನು ಮೊದಲನೆಯದು ಅನ್ನಬೇಕು, ಟಿಡಿಸಿಗೆ ಮುಂಚೆ ಎಣಿಸಬೇಕೋ ಆಮೇಲೆ ಎಣಿಸಬೇಕೋ ಅನ್ನುವುದು ಇಸಿಯುನಿಂದ ಇಸಿಯುಗೆ ಬೇರೆ. ಹಾಗಾಗಿ ಒಂದರ ಸಂಖ್ಯೆಯನ್ನು ಸುಮ್ನೆ ಇನ್ನೊಂದಕ್ಕೆ ಹಾಕಬೇಡಿ.

ಈ ಸಂಖ್ಯೆ ಯಾಕೆ ಬೇಕು? 36-1 ಚಕ್ರ ತಗೊಳ್ಳಿ. 36 ಹಲ್ಲಿನ ಜಾಗ, ಅದರಲ್ಲಿ ಒಂದು ಖಾಲಿ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. 60-2 ಆದರೆ 6 ಡಿಗ್ರಿ. ಖಾಲಿ ಜಾಗ ಬಂದಾಗ ಎರಡು ಹಲ್ಲುಗಳ ನಡುವೆ ಸಮಯ ಜಾಸ್ತಿ ಹಿಡಿಯುತ್ತದೆ, ಅದರಿಂದ ಇಸಿಯುಗೆ ಸುತ್ತಿನ ಗುರುತು ಸಿಗುತ್ತದೆ. ಆದರೆ ಆಗ ಪಿಸ್ಟನ್ ಎಲ್ಲಿತ್ತು ಅಂತ ಅದಕ್ಕೆ ಗೊತ್ತಾಗಲ್ಲ. ಚಕ್ರವನ್ನು ಹೇಗೆ ಕೂರಿಸಿದ್ದೀರಿ, ಸೆನ್ಸರ್ ಎಲ್ಲಿ ಬಿಗಿದಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ. ನಾವೇ ಹೇಳಬೇಕು. ಹೇಳಿದ್ದು 10 ಡಿಗ್ರಿ ತಪ್ಪಿದ್ದರೆ, ಪರದೆ ಮೇಲೆ ಟೈಮಿಂಗ್ (ಟಿಡಿಸಿಗೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಅನ್ನೋದು) 15 ಅಂತ ಕಾಣುವಾಗ ಪ್ಲಗ್ 25ಕ್ಕೇ ಕಿಡಿ ಹಾರಿಸುತ್ತಿರಬಹುದು. ಪರದೆಯಲ್ಲಿ ಕಾಣುವುದು ಇಸಿಯು ಲೆಕ್ಕ ಹಾಕಿದ ಟೈಮಿಂಗ್ ಮಾತ್ರ. ಇದನ್ನು ನೋಡದೆ ಮ್ಯಾಪ್ (ಯಾವ ವೇಗ, ಲೋಡ್‌ಗೆ ಎಷ್ಟು ಟೈಮಿಂಗ್ ಅನ್ನೋ ಪಟ್ಟಿ) ಟ್ಯೂನ್ ಮಾಡಲು ಕೂತರೆ ಪಿಸ್ಟನ್ ಹಾಳಾಗುವ ಅಪಾಯ ನಿಜವಾಗಿಯೂ ಇದೆ.

ಅದಕ್ಕೇ ಟೈಮಿಂಗ್ ಲೈಟ್, ಅಂದರೆ 1ನೇ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ಮಿಂಚುವ ದೀಪ. ಇಂಜೆಕ್ಟರ್‌ಗಳನ್ನು ಆಫ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಸ್ಟಾರ್ಟರ್ ತಿರುಗಿಸುತ್ತಾ ಪುಲ್ಲಿಯ ಗುರುತು ನೋಡಿ, 10ಕ್ಕೆ ಬರುವವರೆಗೆ ಆಫ್‌ಸೆಟ್ ಬದಲಾಯಿಸಿ. ಇದಕ್ಕೂ ಮೊದಲು ಪುಲ್ಲಿಯ ಗುರುತೇ ಸರಿ ಇದೆಯಾ ನೋಡಬೇಕು, ಯಾಕಂದರೆ ಹಳೆಯ ಪುಲ್ಲಿಗಳಲ್ಲಿ ರಬ್ಬರ್ ಸಡಿಲಾಗಿ ಹೊರಗಿನ ಬಳೆ ಜರುಗಿರಬಹುದು. ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೆ ಬರದಂತೆ ತಡೆಯುವ ಸಾಧನ) ಹಾಕಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡೂ ಕಡೆಯಿಂದ ತಾಗುವವರೆಗೆ ತಿರುಗಿಸಿ ಗುರುತು ಹಾಕಿದರೆ, ಅವೆರಡರ ಸರಿಯಾದ ನಡುವೆ ಟಿಡಿಸಿ ಸಿಗುತ್ತದೆ. ಇನ್ನೊಂದು ಮಾತು: ವೇಸ್ಟೆಡ್ ಸ್ಪಾರ್ಕ್ ಇರುವ ಎಂಜಿನ್‌ನಲ್ಲಿ ಪ್ಲಗ್ ಒಂದು ಆವರ್ತಕ್ಕೆ (ಕ್ರ್ಯಾಂಕ್‌ನ ಎರಡು ಸುತ್ತಿಗೆ) ಎರಡು ಸಲ ಕಿಡಿ ಹಾರಿಸುತ್ತದೆ, ಆದ್ದರಿಂದ ಡಯಲ್ ಇರುವ ಲೈಟ್ ತಪ್ಪು ತೋರಿಸಬಹುದು. ಡಯಲನ್ನು ಸೊನ್ನೆಗೆ ಇಟ್ಟು ಪುಲ್ಲಿಯ ಡಿಗ್ರಿ ಗೆರೆಗಳನ್ನೇ ನೋಡುವುದು ಒಳ್ಳೆಯದು.

ಎಂಜಿನ್ ಸ್ಟಾರ್ಟ್ ಆದ ಮೇಲೆ ಲಾಕ್ ತೆಗೆಯದೆ ಆರ್‌ಪಿಎಂ ಅನ್ನು 3000, 4000ಕ್ಕೆ ಏರಿಸಿ ನೋಡಿ. ಬಹಳ ಜನ ಎಡವುವುದು ಇಲ್ಲೇ. ಗುರುತು ಎಲ್ಲ ವೇಗದಲ್ಲೂ ಒಂದೇ ಅಳತೆ ತಪ್ಪಿದ್ದರೆ ಅದು ಆಫ್‌ಸೆಟ್‌ನ ತಪ್ಪು. ವೇಗ ಏರಿದಂತೆ ಗುರುತು ಜರುಗುತ್ತಾ ಹೋದರೆ ಆಫ್‌ಸೆಟ್ ಮುಟ್ಟಲೇಬೇಡಿ, ಅದನ್ನು ಎಷ್ಟು ಬದಲಾಯಿಸಿದರೂ ಯಾವುದೋ ಒಂದು ಆರ್‌ಪಿಎಂನಲ್ಲಿ ಮಾತ್ರ ಸರಿ ಕಾಣುತ್ತದೆ. ತೊಂದರೆ ಸಿಗ್ನಲ್‌ನಲ್ಲಿದೆ. ಎರಡು ವೈರಿನ ವಿಆರ್ (ಅಯಸ್ಕಾಂತ, ಸುರುಳಿಯ) ಸೆನ್ಸರ್ ಆದರೆ ಮೊದಲು ವೈರ್ ಅದಲುಬದಲಾಗಿದೆಯಾ ನೋಡಿ: ಉಲ್ಟಾ ಇದ್ದರೆ ಇಸಿಯು ಹಲ್ಲಿನ ನಟ್ಟನಡುವೆ ಸಿಗುವ ಚೂಪಾದ ಸಿಗ್ನಲ್ ಬಿಟ್ಟು ಹಲ್ಲುಗಳ ನಡುವಿನ ಖಾಲಿಯನ್ನು ಅಳೆಯುತ್ತಿರುತ್ತದೆ, ಹಲ್ಲಿಲ್ಲದ ಜಾಗದಲ್ಲಂತೂ ಆ ಅಳತೆ ಒಂದೇ ಕಡೆ ನಿಲ್ಲುವುದೇ ಇಲ್ಲ. ಹಾಲ್ ಸೆನ್ಸರ್ ಆದರೆ ಪುಲ್‌ಅಪ್ (ಸಿಗ್ನಲ್ ವೈರನ್ನು ವೋಲ್ಟೇಜ್‌ಗೆ ಎಳೆದಿಡುವ ರೆಸಿಸ್ಟರ್) ಇದೆಯಾ, ಸರಿಯಾದ ಎಡ್ಜ್ (ಸಿಗ್ನಲ್ ಏರುವ ಅಥವಾ ಇಳಿಯುವ ಕ್ಷಣ) ಆರಿಸಿದ್ದೀರಾ ನೋಡಿ. ಸಿಗ್ನಲ್ ತಡವಾಗಿ ಬಂದರೂ ಹೀಗೇ ಆಗುತ್ತದೆ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡ್‌ನಲ್ಲಿ 36 ಡಿಗ್ರಿ ತಿರುಗುತ್ತದೆ. ಬರೀ 50 ಮೈಕ್ರೋಸೆಕೆಂಡ್ ತಡವಾದರೂ 1.8 ಡಿಗ್ರಿ ಹೋಯಿತು. 1000 ಆರ್‌ಪಿಎಂನಲ್ಲಿ ಅಷ್ಟೇ ತಡಕ್ಕೆ 0.3 ಡಿಗ್ರಿ, ಕಣ್ಣಿಗೂ ಕಾಣಲ್ಲ.

ಇನ್ನು ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಯುವ ದಂಡ. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಪೂರ್ತಿ ಆವರ್ತ 720 ಡಿಗ್ರಿ, ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದು. ಪಿಸ್ಟನ್ ಮೇಲೆ ಬಂದಿದ್ದು ಕಂಪ್ರೆಷನ್‌ಗೋ ಎಕ್ಸಾಸ್ಟ್ ಮುಗಿಸುವುದಕ್ಕೋ ಅಂತ ಬರೀ ಕ್ರ್ಯಾಂಕ್ ಚಕ್ರದಿಂದ ತಿಳಿಯಲ್ಲ, ಕ್ಯಾಮ್ ಸೆನ್ಸರ್ ಹೇಳುತ್ತದೆ. ಅದು ಒಂದು ಸುತ್ತಿನ ಬದಲು ಇನ್ನೊಂದನ್ನು ತೋರಿಸಿದರೆ ಟೈಮಿಂಗ್ 360 ಡಿಗ್ರಿ ತಪ್ಪುತ್ತದೆ. ವೇಸ್ಟೆಡ್ ಸ್ಪಾರ್ಕ್‌ನಲ್ಲಿ ಎಂಜಿನ್ ಆಗಲೂ ಓಡುತ್ತದೆ, ಆದ್ದರಿಂದ ತಪ್ಪು ಬಚ್ಚಿಟ್ಟುಕೊಂಡಿರುತ್ತದೆ. ಸೀಕ್ವೆನ್ಷಿಯಲ್ ಸ್ಪಾರ್ಕ್‌ಗೆ (ಆವರ್ತಕ್ಕೆ ಒಂದೇ ಕಿಡಿ) ಬದಲಾಯಿಸಿದ ದಿನ ಸ್ಟಾರ್ಟ್ ಆಗಲ್ಲ, ಇನ್‌ಟೇಕ್ ಕಡೆಗೆ ಸಿಡಿಯುತ್ತದೆ. ಆಫ್‌ಸೆಟ್‌ಗೆ 360 ಕೂಡಿಸಿ ಅಥವಾ ಕಳೆದು ನೋಡಿ.

ಒಮ್ಮೊಮ್ಮೆ ಸಿಂಕ್ (ಎಂಜಿನ್ ಯಾವ ಸ್ಥಾನದಲ್ಲಿದೆ ಅನ್ನೋ ಇಸಿಯು ಲೆಕ್ಕ) ತಪ್ಪಿ ಹೋಗುತ್ತಿದ್ದರೆ ಸಾಫ್ಟ್‌ವೇರ್‌ನ ಟ್ರಿಗರ್ ಲಾಗ್ ತೆಗೆದು ಕ್ಯಾಮ್ ಎಡ್ಜ್ ಎಲ್ಲಿ ಬೀಳುತ್ತದೆ ನೋಡಿ. ಹಲ್ಲಿಲ್ಲದ ಜಾಗದ ಹತ್ತಿರವೇ ಬೀಳುತ್ತಿದ್ದರೆ, ಬೆಲ್ಟ್ ಸ್ವಲ್ಪ ಹಿಗ್ಗಿದರೂ, ವಿವಿಟಿ (ಓಡುವಾಗಲೇ ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಕ್ಯಾಮನ್ನು ಜರುಗಿಸಿದರೂ ಅದು ಆಚೆ ಬದಿಗೆ ದಾಟಿಬಿಡುತ್ತದೆ. ಆಗ ಇಸಿಯು ಅದನ್ನು ಬೇರೆ ಸುತ್ತಿಗೆ ಸೇರಿಸುತ್ತದೆ. ಎಡ್ಜನ್ನು ಅಲ್ಲಿಂದ ದೂರ ಸರಿಸಿ, ವಿವಿಟಿ ಎರಡೂ ತುದಿಗೆ ಹೋದಾಗಲೂ ದಾಟುವುದಿಲ್ಲ ಅಂತ ಲಾಗ್‌ನಲ್ಲಿ ಖಚಿತ ಮಾಡಿಕೊಳ್ಳಿ.