ಸಿಪ್ಪೆ ಒಣಗದೆ ಲೆಕ್ಕ ಕೂಡುವುದಿಲ್ಲ

ಹೋದ ವಾರ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಶಿವಮೊಗ್ಗದಲ್ಲೇ ಎಂಜಿನಿಯರಿಂಗ್ ಓದಿದವನು, ಈಗ ಹವಾಮಾನಕ್ಕೆ ಸಂಬಂಧಪಟ್ಟ ಒಂದು ಸ್ಟಾರ್ಟಪ್‌ನಲ್ಲಿ ಆಪರೇಷನ್ಸ್ ಕೆಲಸ ಸಿಕ್ಕಿದೆ. "ಅಕ್ಕ, ದಿನಾ ಏನು ಮಾಡ್ಬೇಕಾಗುತ್ತೆ?" ಅಂತ ಕೇಳಿದ. ನನ್ನ ಬಾಯಿಗೆ ಮೊದಲು ಬಂದದ್ದು, "ತೇವ ನೋಡ್ತಾ ಇರ್ಬೇಕು ಕಣಪ್ಪ." ಅವನಿಗೆ ಏನೂ ಅರ್ಥವಾಗಲಿಲ್ಲ. ಅವನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅಡಿಕೆ ಸಿಪ್ಪೆಯಿಂದ ಬಯೋಚಾರ್ ಮಾಡುವ ಕೆಲಸ. ಸುಗ್ಗಿಯಲ್ಲಿ ಭದ್ರಾವತಿ, ಚನ್ನಗಿರಿ ಕಡೆ ಓಡಾಡಿದವರಿಗೆ ರಸ್ತೆ ಬದಿಯ ಸಿಪ್ಪೆ ರಾಶಿ ಗೊತ್ತೇ ಇರುತ್ತದೆ. ಅದಕ್ಕೆ ಬೆಂಕಿ ಹಾಕಿದರೆ ಮರ ಗಾಳಿಯಿಂದ ಎಳೆದುಕೊಂಡಿದ್ದ ಇಂಗಾಲ ಮತ್ತೆ ಗಾಳಿಗೇ ಹೋಗುತ್ತದೆ. ಹಸಿ ರಾಶಿ ಒಳಗೊಳಗೇ ಕೊಳೆತರೆ ಮೀಥೇನ್ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಅದೇ ಸಿಪ್ಪೆಯನ್ನು ಗಾಳಿ ಆಡದ ಕುಲುಮೆಯಲ್ಲಿ ಐನೂರು ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿದರೆ ಇದ್ದಿಲಿನಂಥ ಕಪ್ಪು ಚೂರು ಸಿಗುತ್ತದೆ. ಅದನ್ನು ಮಣ್ಣಿಗೆ ಸೇರಿಸಿದರೆ ಅದರಲ್ಲಿರುವ ಇಂಗಾಲದ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಹಾಗೆ ಉಳಿಯುವ ಇಂಗಾಲಕ್ಕೆ ಈಗ ಬೆಲೆ ಇದೆ. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ತೆಗೆದದ್ದಕ್ಕೆ ಒಂದು ಕ್ರೆಡಿಟ್, ಅಂದರೆ ಮಾರಬಹುದಾದ ಒಂದು ಪ್ರಮಾಣಪತ್ರ.

ಲೆಕ್ಕ ಹೀಗೆ. ಒಂದು ಟನ್ ಬಯೋಚಾರ್‌ನಲ್ಲಿ ಶೇ 70 ಇಂಗಾಲ ಇದೆ ಅಂದುಕೊಳ್ಳಿ. ಅದನ್ನು 44/12ರಿಂದ (ಕಾರ್ಬನ್ ಡೈಆಕ್ಸೈಡ್ ಅಣುವಿನ ತೂಕ 44, ಅದರಲ್ಲಿ ಇಂಗಾಲದ್ದು 12) ಗುಣಿಸಿದರೆ ಸುಮಾರು 2.57 ಟನ್ ಕಾರ್ಬನ್ ಡೈಆಕ್ಸೈಡ್. ಇದರಲ್ಲಿ ಕಾಲ ಕಳೆದಂತೆ ಮಣ್ಣಿನಲ್ಲಿ ಕರಗುವ ಪಾಲು, ಗಾಡಿಯ ಡೀಸೆಲ್, ಜನರೇಟರಿನ ಡೀಸೆಲ್, ಕುಲುಮೆಯಿಂದ ತಪ್ಪಿಸಿಕೊಂಡ ಮೀಥೇನ್, ಎಲ್ಲವನ್ನೂ ಕಳೆಯಬೇಕು. ಇನ್ನು ಒಂದು ಟನ್ ಚಾರ್ ಬರಬೇಕಾದರೆ ಹತ್ತಿರ ಹತ್ತಿರ ನಾಲ್ಕು ಟನ್ ಒಣ ಸಿಪ್ಪೆ ಬೇಕು. ಸಿಪ್ಪೆಯಲ್ಲಿ ಅರ್ಧ ನೀರೇ ಇದ್ದರೆ ಎಂಟು ಟನ್ ಹೊರಬೇಕು, ಆ ನಾಲ್ಕು ಟನ್ ನೀರನ್ನು ಆವಿ ಮಾಡೋಕೆ ಬೆಂಕಿ ಬೇರೆ ಉರಿಸಬೇಕು. ತೇವ ನೋಡು ಅಂದದ್ದು ಇದಕ್ಕೇ.

ನಮಗೆ ಇದು ಅರ್ಥವಾಗಿದ್ದು ಪೆಟ್ಟು ತಿಂದಮೇಲೆ. ಮೊದಲ ವರ್ಷ ಅಕ್ಟೋಬರಿನಲ್ಲಿ ಖೇಣಿದಾರರು (ತೋಟದ ಫಸಲನ್ನು ಗುತ್ತಿಗೆಗೆ ಹಿಡಿದವರು) ಹಸಿ ಅಡಿಕೆ ಸುಲಿಸಲು ಶುರು ಮಾಡಿದ ಕೂಡಲೇ ನಾವೂ ಸಿಕ್ಕಷ್ಟು ಸಿಪ್ಪೆ ತಂದು ಅಂಗಳದಲ್ಲಿ ಸುರಿದೆವು. ಬಿಸಿಲಿತ್ತು, ಮೇಲುಗಡೆ ಗರಿಗರಿ ಅನ್ನಿಸುತ್ತಿತ್ತು. ತೇವದ ಮೀಟರ್ ಶೇ 14 ತೋರಿಸಿತು. ಕುಲುಮೆಗೆ ಹಾಕಿದರೆ ಮಧ್ಯಾಹ್ನದವರೆಗೂ ಬರೀ ದಟ್ಟ ಬಿಳಿ ಹೊಗೆ, ಶಾಖ ಏರಲೇ ಇಲ್ಲ. ಕುಲುಮೆ ನೋಡಿಕೊಳ್ಳುವವರು ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಂಡಿದರು. ನೀರು ಹನಿಹನಿಯಾಗಿ ಬಿತ್ತು. ಹಿಡಿ ಬೆಚ್ಚಗಿತ್ತು, ಬೂಷ್ಟಿನ ವಾಸನೆ. "ಹೊರಗೆ ನೋಡಿ ಬರ್ಕೊಂಡ್ರೆ ಹೆಂಗೆ ಮೇಡಂ?" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಆಮೇಲೆ ಉದ್ದ ಸರಳಿನ ಮೀಟರ್ ತಂದೆವು. ಈಗ ಪ್ರತಿ ರಾಶಿಯಲ್ಲಿ ಐದು ಕಡೆ, ಆಳಕ್ಕೆ ಚುಚ್ಚಿ ನೋಡುತ್ತೇವೆ. ಐದರಲ್ಲಿ ಒಂದು ಜಾಸ್ತಿ ತೋರಿಸಿದರೂ ಆ ರಾಶಿ ಅವತ್ತು ಕುಲುಮೆಗೆ ಹೋಗುವುದಿಲ್ಲ.

ಎರಡನೇ ಪೆಟ್ಟು ಲೆಕ್ಕದ ಪುಸ್ತಕದ್ದು. ಕ್ರೆಡಿಟ್ ಸಿಗಬೇಕಾದರೆ ಹೊರಗಿನವರು ಬಂದು ಪರಿಶೀಲನೆ ಮಾಡುತ್ತಾರೆ. ಫಿನ್ಲೆಂಡಿನ ಪ್ಯೂರೋ ಡಾಟ್ ಅರ್ಥ್ ಥರದ ನೋಂದಣಿ ಸಂಸ್ಥೆಗಳ ನಿಯಮದಲ್ಲಿ ಚಾರ್‌ನ ಲ್ಯಾಬ್ ವರದಿ ಕೇಳುತ್ತಾರೆ. ಚಾರ್‌ನಲ್ಲಿ ಹೈಡ್ರೋಜನ್‌ಗೂ ಇಂಗಾಲಕ್ಕೂ ಇರುವ ಅನುಪಾತ (ತೂಕದ್ದಲ್ಲ, ಪರಮಾಣುಗಳ ಸಂಖ್ಯೆಯದ್ದು) 0.7ಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಬೆಂದಿಲ್ಲ ಅಂತಲೇ ಅರ್ಥ. ಲ್ಯಾಬ್ ವರದಿಯಲ್ಲಿ ನಾವು ಪಾಸಾದೆವು. ಸಿಕ್ಕಿಬಿದ್ದದ್ದು ನೋಟ್‌ಬುಕ್ಕಿನಲ್ಲಿ. ಬಂದವರು ಪುಟ ತಿರುಗಿಸಿ, ತೇವದ ಕಾಲಂ ಮೇಲೆ ಬೆರಳಿಟ್ಟು, "ಇಡೀ ವಾರದ್ದು ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಸಲಕ್ಕೆ ಬರೆದ ಹಾಗಿದೆ ಅಲ್ವಾ?" ಅಂತ ಕೇಳಿದರು. ಹಾಗೇ ಆಗಿತ್ತು. ಹುಡುಗರು ಅಳತೆ ಮಾಡುತ್ತಿದ್ದರು, ಆದರೆ ಶನಿವಾರ ಸಂಜೆ ಕೂತು ನೆನಪಿನಿಂದ ತುಂಬಿಸುತ್ತಿದ್ದರು. ಆ ವಾರದ ಚಾರ್ ಪೂರ್ತಿ ಲೆಕ್ಕದಿಂದ ಹೊರಗೆ ಹೋಯಿತು. ಚಾರ್ ನಿಜ, ಕೆಲಸ ನಿಜ, ಪುರಾವೆ ಮಾತ್ರ ಇಲ್ಲ.

ಇದಕ್ಕೆ ಆ್ಯಪ್ ಮಾಡಿಸಿದೆವು. ಇಂಗ್ಲಿಷಿನಲ್ಲಿತ್ತು, ನೆಟ್‌ವರ್ಕ್ ಬೇಕಿತ್ತು. ಹೊಸನಗರದ ಕಡೆಯ ಘಟಕದಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಎರಡು ತಿಂಗಳು ಒದ್ದಾಡಿ ಬಿಟ್ಟೆವು. ಈಗ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಕುಲುಮೆಯ ಪಕ್ಕದಲ್ಲೇ ಹಲಗೆಗೆ ಕ್ಲಿಪ್ ಹಾಕಿ ನೇತಾಡುತ್ತದೆ. ತೂಕ, ತೇವ, ಹೊತ್ತು, ಸಹಿ. ತಕ್ಕಡಿಯ ಅಂಕಿ ಕಾಣುವ ಹಾಗೆ ಫೋಟೋ ಅಲ್ಲೇ ತೆಗೆಯುತ್ತಾರೆ, ಸಿಗ್ನಲ್ ಸಿಕ್ಕಾಗ ವಾಟ್ಸಾಪ್ ಮಾಡುತ್ತಾರೆ. ಇದು ಕೆಲಸ ಮಾಡುತ್ತಿದೆ.

ಬೆಳೆಯುವ ಕಂಪನಿಗಳಲ್ಲಿ ಎಡವುವ ಜಾಗ ಇದೇ ಅಂತ ನನಗೆ ಅನ್ನಿಸುತ್ತದೆ. ಒಂದು ಕುಲುಮೆ ಇದ್ದಾಗ ಎಲ್ಲವೂ ಒಬ್ಬರ ತಲೆಯಲ್ಲಿ ಇರುತ್ತದೆ. ಮೂರಾದಾಗ ಆ ಒಬ್ಬರು ಮೂರು ಕಡೆ ಇರೋಕೆ ಆಗಲ್ಲ.

ಜನರ ವಿಷಯಕ್ಕೆ ಬರುತ್ತೇನೆ, ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ನಮಗೆ ಕೈ ತುಂಬಾ ಕೆಲಸ ಇರುವುದು ಅಡಿಕೆ ಸುಗ್ಗಿಯಲ್ಲಿ. ಊರಲ್ಲಿ ಆಳು ಸಿಗದೇ ಇರುವುದೂ ಆಗಲೇ. ಅಡಿಕೆ ಗೊನೆ ತೆಗೆಯುವವರು, ಹೊರುವವರು, ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರು, ಯಾರಿಗೂ ಬಿಡುವಿಲ್ಲ. ಆ ಹೊತ್ತಿನಲ್ಲಿ ದಿನಗೂಲಿ ಏರಿಸಿ ಜನ ಎಳೆದರೆ ಮುಂದಿನ ವಾರ ಇನ್ನೊಬ್ಬರು ಅದಕ್ಕಿಂತ ಜಾಸ್ತಿ ಕೊಟ್ಟು ಎಳೆಯುತ್ತಾರೆ. ಹಾಗಾಗಿ ನಾನು ವರ್ಷಪೂರ್ತಿ ಸಂಬಳ ಕೊಡೋಣ ಅಂದೆ. ಬೆಂಗಳೂರಿನ ಮೀಟಿಂಗಿನಲ್ಲಿ "ಜೂನ್‌ನಿಂದ ಸೆಪ್ಟೆಂಬರ್ ಕುಲುಮೆ ನಿಂತಿರುತ್ತಲ್ಲ, ಸುಮ್ನೆ ಯಾಕೆ ಕೊಡಬೇಕು?" ಅಂತ ಪ್ರಶ್ನೆ ಬಂತು. ಮಲೆನಾಡಿನ ಮಳೆಯಲ್ಲಿ ಸುಮ್ಮನೆ ಕೂರುವವರು ಯಾರೂ ಇಲ್ಲ. ಕುಲುಮೆಯ ತುಕ್ಕು ಕೆರೆಯಬೇಕು, ಬಾಗಿಲಿನ ಪ್ಯಾಕಿಂಗ್ ಬದಲಿಸಬೇಕು, ತಕ್ಕಡಿ ಪರೀಕ್ಷೆ ಮಾಡಿಸಬೇಕು, ಚಾರ್‌ಗೆ ಗೊಬ್ಬರ ಬೆರೆಸಬೇಕು. ಮಳೆಗಾಲದಲ್ಲಿ ಸಂಬಳ ತೆಗೆದುಕೊಂಡವರು ಅಡಿಕೆ ಸುಗ್ಗಿಯಲ್ಲಿ ಬಿಟ್ಟು ಹೋಗಲಿಲ್ಲ.

ಗೊಬ್ಬರ ಬೆರೆಸುವ ಕೆಲಸವೂ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ತೀರ್ಥಹಳ್ಳಿ ಹತ್ತಿರದ ತೋಟದವರೊಬ್ಬರು ಚೀಲ ಬಿಚ್ಚಿ, "ಇದ್ದಿಲೇ ಅಲ್ವೇನಮ್ಮ, ಬಚ್ಚಲ ಒಲೆಗೆ ಹಾಕಬಹುದಲ್ಲ?" ಅಂದರು. ಸುಟ್ಟರೆ ಕ್ರೆಡಿಟ್ ಹೋಯಿತು. ಪ್ರತಿ ಮನೆಯ ಒಲೆ ಕಾಯೋಕೆ ಆಗುತ್ತದೆಯೇ? ಈಗ ಚಾರ್ ನಮ್ಮ ಅಂಗಳದಿಂದ ಹೊರಡುವ ಮೊದಲೇ ಸಗಣಿ ಬಗ್ಗಡ, ಕೊಟ್ಟಿಗೆ ಗೊಬ್ಬರ ಸೇರಿಸಿ ಕೆಲವು ವಾರ ಇಡುತ್ತೇವೆ. ಒಲೆಗೆ ಬಾರದು, ತೋಟಕ್ಕೆ ಒಳ್ಳೆಯದು. ಬರೀ ಚಾರ್ ಹಾಕಿದರೆ ಅದು ಮೊದಮೊದಲು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಗಿಡ ಸೊರಗುತ್ತದೆ. ಗೊಬ್ಬರ ಕುಡಿಸಿ ಕೊಟ್ಟರೆ ಆ ತೊಂದರೆ ಇಲ್ಲ. ಮಳೆಗೆ ಸಾರ ತೊಳೆದು ಹುಳಿಯಾದ ನಮ್ಮ ಕೆಂಪು ಮಣ್ಣಿಗೆ ಚಾರ್‌ನ ಕ್ಷಾರ ಗುಣವೂ ಹೊಂದುತ್ತದೆ.

ದುಡ್ಡಿನ ಬಗ್ಗೆ ಒಂದು ಮಾತು. ಸಿಪ್ಪೆ ತಂದ ಪಿಕಪ್‌ನವರಿಗೆ ಅವತ್ತೇ ಸಂಜೆ ಬಾಡಿಗೆ ಕೊಡಬೇಕು. ಕ್ರೆಡಿಟ್ ದುಡ್ಡು ಬರುವುದು ಪರಿಶೀಲನೆ ಮುಗಿದ ಮೇಲೆ, ತಿಂಗಳುಗಟ್ಟಲೆ ತಡವಾಗಿ. ಆಪರೇಷನ್ಸ್ ನೋಡುವವರು ಈ ಅಂತರವನ್ನು ಸುಗ್ಗಿಗೆ ಮೊದಲೇ ಹೇಳಿ ಹಣ ತೆಗೆದಿರಿಸಬೇಕು. ಸಿಪ್ಪೆ ಹಗುರ, ತೂಕಕ್ಕೆ ಮೊದಲೇ ಗಾಡಿ ತುಂಬಿಬಿಡುತ್ತದೆ, ಹಾಗಾಗಿ ದೂರದ ಸಿಪ್ಪೆ ಪುಕ್ಕಟೆ ಸಿಕ್ಕರೂ ನಾನು ತರಿಸುವುದಿಲ್ಲ.

ಈ ವರ್ಷ ನಾಲ್ಕನೇ ಕುಲುಮೆ ಹಾಕೋಣ ಅಂತ ಒತ್ತಾಯ ಇದೆ. ಈಗಿರುವ ಶೆಡ್ಡಿನಲ್ಲಿ ಮೂರು ಕುಲುಮೆಗೆ ಬೇಕಾದ ಸಿಪ್ಪೆಯೇ ಪೂರ್ತಿ ನೆರಳಿಗೆ ಬರುವುದಿಲ್ಲ. ಮೊದಲು ಸೂರು ಆಗಲಿ ಅಂದಿದ್ದೇನೆ. ಕಂಬಗಳು ನಿಂತಿವೆ, ಶೀಟು ಬರುವ ಸೋಮವಾರ ಬರುತ್ತದೆ. ಜೂನ್ ಮೊದಲ ವಾರದೊಳಗೆ ಮುಗಿಸಬೇಕು.