ಮೊದಲು ಭಾರ, ಆಮೇಲೆ ಏದುಸಿರು

ಒಂದು ದಿನ ವ್ಯಾಯಾಮದ ಕ್ರಮ ತಿರುಗಿಸಿ ನೋಡಿದ್ದೆ. ಮೊದಲು ಹತ್ತು ನಿಮಿಷ ಬರ್ಪಿ (ನೆಲಕ್ಕೆ ಬಗ್ಗಿ, ಕಾಲು ಹಿಂದಕ್ಕೆ ಚಾಚಿ, ಮತ್ತೆ ಎದ್ದು ಜಿಗಿಯುವ ಕಸರತ್ತು), ಆಮೇಲೆ ಸ್ಕ್ವಾಟ್ (ಭಾರದ ಬಾರನ್ನು ಹೆಗಲ ಮೇಲಿಟ್ಟು ಕೂತು ಏಳುವುದು). ಯಾವಾಗಲೂ ಐದು ಸಲ ಸಲೀಸಾಗಿ ಎತ್ತುವ ಭಾರವೇ. ಮೂರನೇ ಸಲ ಮೇಲೇಳುವಾಗ ಎರಡೂ ಮಂಡಿ ಒಳಕ್ಕೆ ವಾಲಿದವು, ಹಿಮ್ಮಡಿ ನೆಲ ಬಿಟ್ಟಿತು. ಬಾರನ್ನು ರ್‍ಯಾಕ್‌ಗೆ ಇಟ್ಟು ನಿಲ್ಲಿಸಿದೆ. ಆ ಸೆಟ್‌ಗೆ, ಅಂದರೆ ಒಂದೇ ಸರದಿಯಲ್ಲಿ ಎತ್ತುವ ಐದು ಸಲಕ್ಕೆ, ಬೇಕಿದ್ದ ಬಲವನ್ನು ಬರ್ಪಿಗೇ ಖರ್ಚು ಮಾಡಿಬಿಟ್ಟಿದ್ದೆ.

ಯಾಕೆ ಹೀಗೆ ಅಂತ ತಿಳಿಯೋಕೆ ಸ್ನಾಯುವಿನ ಇಂಧನ ನೋಡಬೇಕು. ಸ್ನಾಯು ಕೆಲಸ ಮಾಡಲು ಎಟಿಪಿ ಅನ್ನುವ, ನೇರವಾಗಿ ಶಕ್ತಿ ಕೊಡುವ ರಾಸಾಯನಿಕ ಬೇಕು. ಒಳಗೆ ಕೂಡಿಟ್ಟ ಎಟಿಪಿ ಕೆಲವೇ ಸೆಕೆಂಡಿಗೆ ಸಾಕಾಗುತ್ತದೆ. ಅದನ್ನು ಥಟ್ಟನೆ ಮತ್ತೆ ತುಂಬುವುದು ಸ್ನಾಯುವಿನಲ್ಲೇ ಇರುವ ಇನ್ನೊಂದು ರಾಸಾಯನಿಕ, ಕ್ರಿಯೇಟಿನ್ ಫಾಸ್ಫೇಟ್. ಪೂರ್ತಿ ಜೋರಿನ ಕೆಲಸದಲ್ಲಿ ಸುಮಾರು 10 ಸೆಕೆಂಡಿನವರೆಗೆ ಇದರದ್ದೇ ದೊಡ್ಡ ಪಾಲು. ಆಮೇಲೆ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ) ಒಡೆದು ಬರುವ ಶಕ್ತಿ, ಒಂದೆರಡು ನಿಮಿಷ ದಾಟಿದರೆ ಆಮ್ಲಜನಕ ಬಳಸುವ ದಾರಿ. ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು ಶುರು ಅಂತ ಬಹಳ ಜನ ತಪ್ಪು ತಿಳಿಯುತ್ತಾರೆ.

ಖಾಲಿಯಾದ ಕ್ರಿಯೇಟಿನ್ ಫಾಸ್ಫೇಟ್ ಅರ್ಧದಷ್ಟು ತುಂಬಲು ಸುಮಾರು ಅರ್ಧ ನಿಮಿಷ ಸಾಕು. ಹೆಚ್ಚುಕಡಿಮೆ ಪೂರ್ತಿ ತುಂಬಲು 3ರಿಂದ 5 ನಿಮಿಷ ಬೇಕು. ಭಾರದ ಸೆಟ್‌ಗಳ ನಡುವೆ ಕೂತವರನ್ನು ನೋಡಿದರೆ ಸುಮ್ನೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಮುಂದಿನ ಸೆಟ್ ತಯಾರಾಗುವುದೇ ಆಗ.

ಹಾಗಾಗಿ ಕ್ರಮ ಹೀಗೆ ಬರುತ್ತದೆ. ಎಂಟು ಹತ್ತು ನಿಮಿಷ ವಾರ್ಮ್ ಅಪ್, ಮೈ ಬಿಸಿಯಾದರೆ ಸಾಕು. ಜಿಗಿತದಂಥ ಚುರುಕಿನ ಕೆಲಸ ಇದ್ದರೆ ಅದು ತಕ್ಷಣ, ಸೆಟ್‌ಗೆ ಮೂರ್ನಾಲ್ಕು ಸಲ ಮಾತ್ರ. ಆಮೇಲೆ ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದು): ಒಂದೇ ಒಂದು ಸಲ ಎತ್ತಬಲ್ಲ ಭಾರದ 80ರಿಂದ 85 ಶೇಕಡಾದಲ್ಲಿ, 3ರಿಂದ 5 ಸಲ, ನಾಲ್ಕೈದು ಸೆಟ್. ಇನ್ನೊಂದೆರಡು ಸಲ ಎತ್ತಬಹುದು ಅನ್ನಿಸುವಾಗಲೇ ಸೆಟ್ ಮುಗಿಸಿ. ಏದುಸಿರಿನ ಕೆಲಸ ಕೊನೆಗೆ.

ಈ ಕೊನೆಯ ಭಾಗದಲ್ಲೇ ಗೊಂದಲ ಜಾಸ್ತಿ. ಜಪಾನಿನ ಇಝುಮಿ ತಬಾಟಾ ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡ್ ಕೆಲಸ, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು ಇತ್ತು. ಅಷ್ಟು ಹೊತ್ತಿಗೆ ಸೈಕಲ್ ತುಳಿಯುವವರಿಗೆ ಮುಂದೆ ತುಳಿಯಲು ಆಗದಂತೆ ಆಗುತ್ತಿತ್ತು. ಒಟ್ಟು ನಾಲ್ಕು ನಿಮಿಷವೂ ಇಲ್ಲ! ಇದನ್ನೇ ಈಗ ‘ತಬಾಟಾ’ ಅಂತ ಕರೆಯುತ್ತಾರೆ; ಆ ಹೆಸರಲ್ಲಿ ಇಪ್ಪತ್ತು ನಿಮಿಷ ಮಾಡಲು ಆಗುತ್ತಿದ್ದರೆ, ಅಷ್ಟು ಜೋರು ಅದರಲ್ಲಿ ಇಲ್ಲ ಅಂತಲೇ ಅರ್ಥ.

ಜಾಸ್ತಿ ಮಾಡಿದರೆ ಜಾಸ್ತಿ ಲಾಭ ಅಂತಲೂ ಇಲ್ಲ. ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ತೋರಿಸಿದ್ದು ಇದನ್ನೇ. ಬಲದ ತರಬೇತಿಯ ಜೊತೆಗೆ ಕಠಿಣ ಓಟ, ಸೈಕಲ್ ಎರಡನ್ನೂ 10 ವಾರ ಮಾಡಿದವರಲ್ಲಿ ಬಲ ಮೊದಮೊದಲು ಏರಿತು, ಕೊನೆಯ ವಾರಗಳಲ್ಲಿ ಇಳಿಯಿತು. ಅವರು ವಾರವಿಡೀ ಹೆಚ್ಚುಕಡಿಮೆ ದಿನವೂ ಮಾಡುತ್ತಿದ್ದರು ಅನ್ನುವುದು ನೆನಪಿರಲಿ. ನಮ್ಮಂಥವರಿಗೆ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು, ಕೊನೆಗೆ 8ರಿಂದ 12 ನಿಮಿಷದ ಏದುಸಿರು ಸಾಕು.

ನಾನು 15 ಸೆಕೆಂಡ್ ರೋಯಿಂಗ್ (ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ಯಂತ್ರದಲ್ಲಿ), 45 ಸೆಕೆಂಡ್ ಬಿಡುವು ಇಟ್ಟುಕೊಂಡು, ಪ್ರತಿ ಸುತ್ತಿಗೂ ಎಷ್ಟು ಮೀಟರ್ ಬಂತು ಅಂತ ಪುಸ್ತಕದಲ್ಲಿ ಬರೆಯುತ್ತೇನೆ. ಮೊದಲ ಸುತ್ತಿಗಿಂತ ಹತ್ತನೇ ಒಂದು ಪಾಲು ಕಡಿಮೆಯಾದ ಕೂಡಲೇ ನಿಲ್ಲಿಸುತ್ತೇನೆ. ಕೆಲವು ದಿನ ಅದು ಎಂಟನೇ ಸುತ್ತು, ನಿದ್ದೆಗೆಟ್ಟ ದಿನ ಐದನೆಯದು.