ಮೊಣಕಾಲಿಗೂ ಸ್ಕ್ಯಾನಿಂಗ್ ಏನೋ ತಮ್ಮಾ?

ನಮ್ಮ ಕಡೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಅಂದ್ರ ಬಸುರಿ ಹೆಂಗಸರಿಗೆ ಮಾಡೋದು ಅಂತನ ಲೆಕ್ಕ. ಗದಗದಿಂದ ಚಿಗವ್ವನ್ನ ಹುಬ್ಬಳ್ಳಿಗೆ ಕರ್ಕೊಂಡ್ಬಂದು, ಮೊಣಕಾಲ ಹಿಂದ ಬಂದಿದ್ದ ನಿಂಬಿಹಣ್ಣಿನಷ್ಟು ಬಾವು ತೋರ್ಸಿದಾಗ ಡಾಕ್ಟ್ರು ಸ್ಕ್ಯಾನಿಂಗ್ ಬರದ್ರು, ಆಕಿ ನಗಾಕ ಹತ್ತಿದ್ಲು. ಗ್ವಾಡಿ ಮ್ಯಾಲ ಬ್ಯಾರೆ 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಅನ್ನೋ ಬೋರ್ಡು.

ಬೋರಲ ಮಲಗಿಸಿ, ತಣ್ಣನ ಜೆಲ್ ಹಚ್ಚಿ, ಶಬ್ದದ ಅಲೆ ಬಿಡೋ ಪ್ರೋಬ್ ಇಟ್ಟ್ರು. ಸ್ಕ್ರೀನ್ ಮ್ಯಾಲ ಕರೇ ಚೀಲ ಕಾಣ್ತು, ಅದರ ಸಣ್ಣ ಕುತ್ತಿಗಿ ಎರಡು ಸ್ನಾಯುಗಳ ನಡುವಿನಿಂದ ಕೀಲಿನ ಕಡೆ ಹೋಗಿತ್ತು. ಕರೇದಂದ್ರ ನೀರು, ಬೇಕರ್ಸ್ ಸಿಸ್ಟ್ ಅಂದ್ರು. 1877ರಾಗ ಇದನ್ನ ವಿವರಿಸಿ ಬರದ ಇಂಗ್ಲಿಷ್ ಸರ್ಜನ್ ಬೇಕರ್ ಹೆಸರದು, ಬೇಕರಿಗೂ ಇದಕ್ಕೂ ಸಂಬಂಧ ಇಲ್ಲ.

ನಾನು ಮಾತ್ರ ಸೀದಾ ಎಮ್‌ಆರ್‌ಐ (ದೊಡ್ಡ ಅಯಸ್ಕಾಂತದಿಂದ ಮೈಯೊಳಗಿನ ಚಿತ್ರ ತಗಿಯೋದು) ಯಾಕ ಬರೀಲಿಲ್ಲ ಅಂತ ತಲಿ ಕೆಡಿಸ್ಕೊಂಡಿದ್ದೆ, ದೊಡ್ಡ ಮಷಿನ್ ಅಂದ್ರ ದೊಡ್ಡ ಸತ್ಯ ಅನ್ನೋ ಭ್ರಮೆ ನಮ್ಮೆಲ್ಲರಿಗೂ ಐತಲ್ಲ. ಹಿಂದಿನ ಕಥಿ ಓದಿದ್ರ, ಮೊಣಕಾಲಿಗೆ ಮೊದಲು ಬಂದಿದ್ದ ಅಲ್ಟ್ರಾಸೌಂಡ್. ಆಸ್ಟ್ರಿಯಾದ ಡಾಕ್ಟ್ರು ಡುಸಿಕ್ 1942ರಾಗ ತಲಿಗೆ ಶಬ್ದದ ಅಲೆ ಬಿಟ್ಟು ನೋಡಿದ್ರು, 1958ರಾಗ ಕೀಲಿನ ಭಾಗಗಳು ಶಬ್ದನ ಎಷ್ಟು ಹೀರ್ತಾವ ಅಂತ ಅಳದ್ರು. 1972ರ ಹೊತ್ತಿಗೆ ಕಾಲು ಬಾತಿದ್ದು ಬೇಕರ್ಸ್ ಸಿಸ್ಟಿನಿಂದೋ, ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿದ್ದಕ್ಕೋ ಅಂತ ಬ್ಯಾರೆ ಮಾಡಾಕ ಇದನ್ನ ಬಳಸಿದ್ರು. ಚಿಗವ್ವಗ ಮಾಡಿದ್ದು ಹೆಚ್ಚುಕಡಿಮಿ ಅದನ್ನ!

ಆದ್ರ ಎಲುಬು ಶಬ್ದನ ದಾಟಾಕ ಬಿಡಂಗಿಲ್ಲ, ಹಂಗಾಗಿ ಕೀಲಿನ ನಟ್ಟನಡುವಿನ ಎಸಿಎಲ್ (ತೊಡಿ ಎಲುಬನ್ನ ಮೊಣಕಾಲ ಕೆಳಗಿನ ಎಲುಬಿಗೆ ಕಟ್ಟೋ ಪಟ್ಟಿ) ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗಂಗಿಲ್ಲ, ಎರಡು ಎಲುಬಿನ ನಡುವಿನ ಮೆತ್ತಿಯಂಥ ಮೆನಿಸ್ಕಸ್ಸಿನ ಹೊರ ಅಂಚು ಕಂಡೀತು, ಒಳಗಿಂದು ಕಷ್ಟ. ಅಲ್ಲೇ ಎಮ್‌ಆರ್‌ಐ ಗೆದ್ದಿದ್ದು. 1973ರಾಗ ವಿಜ್ಞಾನಿ ಲಾಟರ್‌ಬರ್ ಅದರಿಂದ ತಗದ ಚಿತ್ರ ಬರೇ ನೀರಿನ ಎರಡು ಸಣ್ಣ ನಳಿಗಿದು, 1977ರಾಗ ಡಾಕ್ಟ್ರು ಡಮೇಡಿಯನ್ ಮನುಷ್ಯನ ಎದಿ ಸ್ಕ್ಯಾನ್ ಮಾಡಾಕ ಸುಮಾರು 5 ತಾಸು ತಗೊಂಡ್ರು. (ಎಮ್‌ಆರ್‌ಐಗಂತ ಕೊಟ್ಟ 2003ರ ನೊಬೆಲ್ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ ಹೋದಾಗ ಡಮೇಡಿಯನ್ ಪೇಪರಿನಾಗ ಪೂರಾ ಪುಟದ ಜಾಹೀರಾತು ಕೊಟ್ಟು ಜಗಳ ತಗದ್ರು, ಸಿಟ್ಟು ಅಂದ್ರ ಹಂಗ.) ಎಮ್‌ಆರ್‌ಐಗೂ ಮೊದಲು ಮೆನಿಸ್ಕಸ್ ನೋಡಬೇಕಂದ್ರ ಕೀಲಿನೊಳಗ ಡೈ ಚುಚ್ಚಿ ಎಕ್ಸ್‌ರೇ ತಗೀಬೇಕಿತ್ತು. ಎಮ್‌ಆರ್‌ಐ ನೀರು, ಕೊಬ್ಬಿನೊಳಗಿನ ಹೈಡ್ರೋಜನ್ ಹಿಡಿದು ಚಿತ್ರ ಮಾಡೋದ್ರಿಂದ ಎಲುಬು ಅದಕ್ಕ ಅಡ್ಡಿ ಅಲ್ಲ, ಎಲುಬಿನೊಳಗಿನ ಪೆಟ್ಟು ಸೈತ ಕಾಣ್ತೈತಿ. 80ರ ದಶಕದಾಗ ಮೊಣಕಾಲು ಅದರ ಪಾಲಾತು. ಕಬಡ್ಡಿ ಆಡೋವಾಗ ಕಾಲು ತಿರುಚಿ 'ಟಕ್' ಅಂತು ಅನ್ನೋ ಹುಡುಗರಿಗೆ ಇವತ್ತಿಗೂ ಅದ ಬೇಕು.

ಮುಂದ ಅಲ್ಟ್ರಾಸೌಂಡಿಗೆ ಹೆಚ್ಚು ಫ್ರೀಕ್ವೆನ್ಸಿಯ ಪ್ರೋಬ್ ಬಂದ್ವು, ಮೊಣಚಿಪ್ಪಿನ ಕೆಳಗಿನ ಟೆಂಡನ್ (ಎಲುಬಿಗೆ ಅಂಟಿದ ಗಟ್ಟಿ ನಾರು) ಹಗ್ಗದ ಎಳಿ ಎಳಿ ಆಗಿ ಕಾಣಾಕ ಹತ್ತಿತು. ಕಾಲು ಮಡಚ್ರಿ, ಚಾಚ್ರಿ ಅನ್ಕೋತ, ಇನ್ನೊಂದು ಕಾಲಿಗೆ ಹೋಲಿಸ್ಕೋತ ನೋಡಬಹುದು, ಎಮ್‌ಆರ್‌ಐದಾಗ ಅಳ್ಳಾಡಿದ್ರ ಬೈತಾರ. ಆದ್ರ ನೋಡೋರ ಕೈ ಪಳಗಿರಬೇಕು.

ನಮ್ಮ ದೇಶದಾಗ ಇನ್ನೊಂದು ತೊಡಕು. ಭ್ರೂಣಲಿಂಗ ಪತ್ತೆ ತಡಿಯೋ ಕಾನೂನು 1994ರದು, ಜಾರಿಗೆ ಬಂದಿದ್ದು 1996ರಾಗ. ಮೊಣಕಾಲು ನೋಡೋ ಮಷಿನ್ ಹೊಟ್ಟಿನೂ ನೋಡ್ತೈತಿ, ಹಂಗಾಗಿ ಅದಕ್ಕೂ ನೋಂದಣಿ ಬೇಕು, ಚೀಲದಾಗ ಹಾಕ್ಕೊಂಡು ಆಟದ ಮೈದಾನಕ್ಕ ಒಯ್ಯಾಕ ಬರಂಗಿಲ್ಲ. ತಕರಾರಿಲ್ಲ ನಂದು, ಆ ಕಾನೂನು ಬೇಕಿತ್ತು.

ಚಿಗವ್ವಗ ಕಡಿಗೂ ಎಮ್‌ಆರ್‌ಐ ಬರೀಲಿಲ್ಲ. ನಿಲ್ಲಿಸಿ ತಗದ ಎಕ್ಸ್‌ರೇದಾಗ ಕೀಲು ಸವದದ್ದು ಕಾಣ್ತು, ಚೀಲದಾಗಿನ ನೀರು ಬಂದಿದ್ದು ಅಲ್ಲಿಂದನ.